ದಸರಾ ರಜೆಗೆ ಅಘನಾಶಿನಿ ಕಡೆ ವಲಸೆ ಹಕ್ಕಿ ನೋಡೋಕೆ ಹೊರಟಿದೀನಿ, ಹೋದ್ಸಲ ಬರೀ ಬೆಳ್ಳಕ್ಕಿ ನೋಡ್ಕೊಂಡು ಬಂದೆ, ಏನ್ ತಪ್ಪು ಮಾಡ್ತಿದೀನಿ?

ಹೆಬ್ಬಾಳ ದಂಡೆ:

ನಮಸ್ಕಾರ ಎಲ್ರಿಗೂ, ಸ್ವಲ್ಪ ಉದ್ದ ಆಗುತ್ತೆ ಸಹಿಸ್ಕೊಳ್ಳಿ. ಬೆಂಗಳೂರಲ್ಲಿ ನಾಲ್ಕು ವರ್ಷದಿಂದ ಹಕ್ಕಿ ನೋಡ್ತಿದೀನಿ, ಹೆಬ್ಬಾಳ, ಜಕ್ಕೂರು, ಹೆಸರಘಟ್ಟ ಇಷ್ಟೇ ನನ್ನ ಪ್ರಪಂಚ, ಕೆರೆ ಹಕ್ಕಿ ಆದ್ರೆ ಹೆಂಗೋ ಹೆಸರು ಹೇಳ್ತೀನಿ, ಕಡಲ ಕಡೇದು ಮಾತ್ರ ಸೊನ್ನೆ.

ಹೋದ ವರ್ಷ ಅಕ್ಟೋಬರಲ್ಲಿ ಮನೆಯವರ ಜೊತೆ ಗೋಕರ್ಣಕ್ಕೆ ಹೋಗಿದ್ವಿ. ಹಿಂದಿನ ರಾತ್ರಿ ಹುಣ್ಣಿಮೆ, ಮಕ್ಕಳೆಲ್ಲ ಬೀಚಲ್ಲಿ ಹನ್ನೊಂದು ಗಂಟೆ ತನಕ ಕೂತಿದ್ರು, ಆದ್ರೂ ನಾನು ಬೆಳಿಗ್ಗೆ ಐದಕ್ಕೆ ಎದ್ದು ತದಡಿಗೆ ಹೋಗಿ ಆರೂಕಾಲಿಗೆಲ್ಲ ಅಘನಾಶಿನಿ ಹೊಳೆ ಸಮುದ್ರ ಸೇರೋ ಅಳಿವೆ ಪಕ್ಕ ನಿಂತಿದ್ದೆ. ಕಣ್ಣು ಹಾಯೋ ತನಕ ಕೆಸರು. ಆ ಕೆಸರಿನ ಆ ತುದೀಲಿ ಎಳ್ಳು ಚೆಲ್ಲಿದಂಗೆ ಚುಕ್ಕೆ ಚುಕ್ಕೆ. ನಂದು 8x42 ಬೈನಾಕ್ಯುಲರ್, ಎಂಟು ಪಟ್ಟು ಹತ್ರ ತೋರಿಸೋದು, ಸ್ಟ್ಯಾಂಡ್ ಮೇಲಿಟ್ಟು ದೂರದ್ದು ನೋಡೋ ಸ್ಕೋಪ್ ಇಲ್ಲ. ಸ್ವಲ್ಪ ಹತ್ರ ಹೋಗೋಣ ಅಂತ ಇಳಿದ್ರೆ ಒಂದು ಕಾಲು ಮೊಣಕಾಲ ತನಕ ಹೋಯ್ತು, ಕಾಲು ಬಂತು, ಚಪ್ಪಲಿ ಬರಲಿಲ್ಲ. ಹತ್ತಿರದಲ್ಲಿ ಕಂಡಿದ್ದು ಬೆಳ್ಳಕ್ಕಿ, ಗರುಡ, ಒಂದು ಮೀಂಚುಳ್ಳಿ. ಅವನ್ನ ನೋಡೋಕೆ ನಾನೂರೈವತ್ತು ಕಿಲೋಮೀಟರ್ ಬೇಕಿತ್ತಾ ಅಂತ ಮನೇಲಿ ಇವತ್ತಿಗೂ ಕೇಳ್ತಾರೆ.

ಈ ಸಲ ವಿಜಯದಶಮಿ ದಿನ ಹೊರಟು ಎರಡು ದಿನ ಅಲ್ಲೇ ಇರೋ ಪ್ಲಾನ್. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತಿಗೆ, ಸ್ಕೋಪ್ ಇಲ್ದೆ ಆಗುತ್ತಾ? ಇನ್ನೊಂದು, ಕಡಲ ಹಕ್ಕಿ ಪುಸ್ತಕ ತೆಗೆದ್ರೆ ಎಲ್ಲಾ ಬೂದು ಬಣ್ಣದ ಒಂದೇ ಹಕ್ಕೀನ ಇಪ್ಪತ್ತು ಸಲ ಬರೆದಂಗೆ ಕಾಣುತ್ತೆ. ಎಲ್ಲಿಂದ ಶುರು ಮಾಡ್ಲಿ?

ಗಜನಿ ಕಟ್ಟೆ:

ನಿಮ್ಮ ಕಥೆಯೊಳಗೇ ಉತ್ತರ ಇದೆ ಮಾರಾಯ್ರೆ. "ಹಿಂದಿನ ರಾತ್ರಿ ಹುಣ್ಣಿಮೆ" ಅಂದ್ರಲ್ಲ, ಅಲ್ಲೇ ಎಡವಿದ್ದು. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸು ನಮ್ಮ ಕಡೆ ನೀರು ತುಂಬೋದು ಹೆಚ್ಚೂಕಡಿಮೆ ಮಧ್ಯಾಹ್ನದ ಹತ್ರ, ಮತ್ತೆ ಮಧ್ಯರಾತ್ರಿ ಹತ್ರ. ಬೆಳಗಿನ ಜಾವ, ಸಂಜೆ ಪೂರಾ ಇಳಿತ. ನೀವು ಆರೂಕಾಲಿಗೆ ನಿಂತಾಗ ನೀರು ಎಲ್ಲಿಗೋ ಹೋಗಿ ಕೂತಿತ್ತು, ಹಕ್ಕಿನೂ ನೀರಿನ ಅಂಚಿನ ಜೊತೆಗೇ ಹೋಗಿತ್ತು. ಆ ಎಳ್ಳು ಇತ್ತಲ್ಲ, ಅದೇ ನೀವು ನೋಡಬೇಕಾಗಿದ್ದ ಹಕ್ಕಿ.

ಕೆರೆ ಹಕ್ಕಿ ನೋಡೋರಿಗೆ ಸೂರ್ಯ ಹುಟ್ಟೋ ಟೈಮು ಮುಖ್ಯ. ಇಲ್ಲಿ ಅದು ಲೆಕ್ಕಕ್ಕಿಲ್ಲ. ಗೊರವ, ಪ್ಲೋವರ್ ಥರದ ಕೆಸರಲ್ಲಿ ಮೇಯೋ ಹಕ್ಕಿಗಳೆಲ್ಲ ಹಗಲು ರಾತ್ರಿ ನೋಡಲ್ಲ, ಕೆಸರು ತೆರೆದಿದ್ರೆ ಮೇಯ್ತಾವೆ, ಮುಚ್ಚಿದ್ರೆ ಎಲ್ಲಾದ್ರೂ ಒಣ ಜಾಗ ಹುಡುಕಿ ಒಂಟಿ ಕಾಲಲ್ಲಿ ನಿಂತು ನಿದ್ದೆ. ನೀವು ನಿಲ್ಲಬೇಕಾಗಿದ್ದು ನೀರು ಏರ್ತಾ ಇರೋವಾಗ, ತುಂಬೋಕೆ ಎರಡು ಎರಡೂವರೆ ಗಂಟೆ ಮುಂಚೆಯಿಂದ. ನೀರು ಒಂದೊಂದೇ ಕೆಸರು ದಿಬ್ಬ ನುಂಗ್ತಾ ಬರುತ್ತೆ, ಹಕ್ಕಿ ಹಿಂದೆ ಹಿಂದೆ ಸರೀತಾ ತಾನಾಗೇ ನಿಮ್ಮ ಕಡೆ ಬರುತ್ತೆ, ನೀವು ಇಳಿದು ಚಪ್ಪಲಿ ಕಳ್ಕೊಳ್ಳೋದೇ ಬೇಡ.

ಈಗ ನಿಮ್ಮ ದಸರಾ ಪ್ಲಾನು. ದಶಮಿ ಅಂದ್ರೆ ಅಷ್ಟಮಿ ಮುಗಿದು ಎರಡೇ ದಿನ, ನೀರು ಸಪ್ಪೆ ಇರೋ ಹೊತ್ತು, ಏರೋದೂ ಕಮ್ಮಿ ಇಳಿಯೋದೂ ಕಮ್ಮಿ. ಹಕ್ಕಿ ಇರ್ತಾವೆ, ಆದ್ರೆ ಒಂದು ಕಡೆ ಒತ್ತಿಕೊಂಡು ಬರಲ್ಲ, ಅಲ್ಲಲ್ಲೇ ಚದುರಿರ್ತಾವೆ. ರಜೆ ಜಗ್ಗೋಕಾದ್ರೆ ಐದು ದಿನ ಮುಂದೆ ಹಾಕಿ, ಶೀಗಿ ಹುಣ್ಣಿಮೆಗೆ ಬನ್ನಿ. ಮನೇಲಿ ಭೂಮಿ ಹುಣ್ಣಿಮೆ ನೋಡೋಕೆ ಅಂತ ಹೇಳಿ, ಘಟ್ಟದ ಮೇಲೆ ಗದ್ದೆಗೆ ಬುತ್ತಿ ಹಾಕೋದನ್ನೂ ನೋಡಿ ಬಂದಂಗಾಯ್ತು.

ಟೈಮ್ ನಾನು ಹೇಳಿದ್ದು ಅಂದಾಜು, ದಿನಾ ಮುಕ್ಕಾಲು ಗಂಟೆ ಮೇಲೆ ಮುಂದಕ್ಕೆ ಹೋಗ್ತಾ ಇರುತ್ತೆ. ಟೈಡ್ ಆ್ಯಪಲ್ಲಿ ಕಾರವಾರ ಹಾಕಿ ನೋಡಿ, ಅಳಿವೆ ಒಳಗೆ ಮಿರ್ಜಾನ್ ಕಡೆ ಹೋದಂಗೆ ಇನ್ನೂ ತಡ. ಅಥವಾ ಆ್ಯಪ್ ಬಿಡಿ, ಬಳಚು ಹೆಕ್ಕೋಕೆ ಹೋಗೋ ಅಕ್ಕಂದಿರನ್ನ ಕೇಳಿ. ಅವ್ರು ಕಾಲಲ್ಲೇ ತಡಕಿ ಚಿಪ್ಪು ಹುಡುಕೋರು, ಯಾವ ಕುರ್ವೆ (ಹೊಳೆ ನಡುವಿನ ನಡುಗಡ್ಡೆ) ಪಕ್ಕ ಮೊದ್ಲು ನೀರು ಬರುತ್ತೆ, ಎಲ್ಲಿ ಕಾಲು ಹೂಳುತ್ತೆ ಎಲ್ಲಾ ಗೊತ್ತು.

ಮಂಡೆಬಿಸಿ ಮಂಗ್ಳೂರು:

ಮೇಲಿನವರು ಹೇಳಿದ್ದು ಸರಿ ಉಂಟು. ಆದ್ರೆ ಸ್ಕೋಪ್ ಇಲ್ಲದವರಿಗೆ ಅಘನಾಶಿನಿ ದೊಡ್ಡದಾಯ್ತು ಅಂತ ನನ್ನ ಲೆಕ್ಕ. ಕೋಡಿಬೆಂಗ್ರೆಗೆ ಬನ್ನಿ. ಸೀತಾ, ಸುವರ್ಣಾ ಎರಡು ಹೊಳೆ ಒಟ್ಟಾಗಿ ಸಮುದ್ರಕ್ಕೆ ಸೇರುವ ಜಾಗ, ಮಲ್ಪೆಯಿಂದ ಒಂದೇ ರಸ್ತೆ, ಒಂದು ಬದಿ ಹೊಳೆ ಒಂದು ಬದಿ ಕಡಲು. ತುದಿಯಲ್ಲಿ ಮರಳಿನ ದಿಬ್ಬ, ಅದರ ಮೇಲೆ ರೀವಗಳು, ಅಂದ್ರೆ ಟರ್ನ್ ಹಕ್ಕಿಗಳು, ಸಾಲಾಗಿ ಗಾಳಿಗೆ ಮುಖ ಮಾಡಿ ಕೂತಿರ್ತವೆ, ಬೈನಾಕ್ಯುಲರಲ್ಲಿ ಆರಾಮ ಕಾಣ್ತದೆ.

ರೀವ ಗುರ್ತು ಹಿಡಿಯೋದಕ್ಕೆ ಕೊಕ್ಕು ಸಾಕು. ಕಿತ್ತಳೆ ಕೊಕ್ಕು ಲೆಸ್ಸರ್ ಕ್ರೆಸ್ಟೆಡ್, ಹಳದಿ ಆದ್ರೆ ಗ್ರೇಟರ್ ಕ್ರೆಸ್ಟೆಡ್, ಕಪ್ಪು ಕೊಕ್ಕಿನ ತುದಿ ಮಾತ್ರ ಹಳದಿ ಅಂದ್ರೆ ಸ್ಯಾಂಡ್‌ವಿಚ್, ದಪ್ಪ ಗಿಡ್ಡ ಕಪ್ಪು ಕೊಕ್ಕು ಗಲ್-ಬಿಲ್ಡ್, ಇನ್ನು ದೊಡ್ಡ ಕ್ಯಾರೆಟ್ ಕಚ್ಚಿಕೊಂಡ ಹಾಗೆ ಕೆಂಪು ಕಂಡ್ರೆ ಕ್ಯಾಸ್ಪಿಯನ್, ಅದನ್ನ ಯಾರೂ ತಪ್ಪಲಿಕ್ಕಿಲ್ಲ. ಗಲ್‌ಗಳು ಅಕ್ಟೋಬರ್ ಶುರುವಲ್ಲಿ ಅಷ್ಟಕ್ಕಷ್ಟೆ, ನವೆಂಬರ್ ಆಗ್ಲಿ, ಆಮೇಲೆ ಬೋಟುಗಳ ಹಿಂದೆ ಮೋಡ ಬಂದ ಹಾಗೆ ಬರ್ತವೆ.

ಕೈರಂಪಣಿ ಬಲೆ ಎಳೆಯುವ ದಿನ ಸಿಕ್ಕಿದ್ರೆ ನಿಮ್ಮ ಅದೃಷ್ಟ. ಇಪ್ಪತ್ತು ಮೂವತ್ತು ಜನ ಸೇರಿ ಎಳೀತಾರೆ, ಬಲೆ ದಡಕ್ಕೆ ಬರುವ ಮೊದಲೇ ಹಕ್ಕಿಗೆ ಗೊತ್ತಾಗ್ತದೆ. ನಾವು ಮೀನಿಗೆ ಕಾಯ್ತಾ ನಿಂತವರು ಕೆಳಗೆ, ಅವು ಮೇಲೆ.

ಗಜನಿ ಕಟ್ಟೆ:

ಕೋಡಿಬೆಂಗ್ರೆ ಚಂದವೇ, ಭಾನುವಾರ ಸಂಜೆ ಒಂದು ಬಿಟ್ಟು. ಜನ ಜಾಸ್ತಿ ಆದ್ರೆ ದಿಬ್ಬದ ಮೇಲೆ ಹಕ್ಕಿ ಎಲ್ಲಿ ಕೂರುತ್ತೆ ಹೇಳಿ.

ಅಘನಾಶಿನಿ ಪರವಾಗಿ ಒಂದು ಮಾತು. ಈ ಹೊಳೆಗೆ ಶಿರಸಿ ಕಡೆಯಿಂದ ಇಲ್ಲೀತನಕ ಒಂದೂ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಮಣ್ಣು ಕೆಳಗೆ ಬರುತ್ತೆ, ಬೇಸಿಗೆಯಲ್ಲಿ ಉಪ್ಪುನೀರು ಮೇಲೆ ಹೋಗುತ್ತೆ, ಅದಕ್ಕೇ ಆ ಕೆಸರಲ್ಲಿ ಬಳಚು, ಏಡಿ, ಹುಳ ಅಷ್ಟೊಂದು. 2024ರಲ್ಲಿ ರಾಮ್ಸಾರ್ ಅನ್ನೋ ಅಂತರರಾಷ್ಟ್ರೀಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿಸಿದ್ರಲ್ಲ, 4,801 ಹೆಕ್ಟೇರು, ಗದಗದ ಮಾಗಡಿ ಕೆರೆ, ಅಂಕಸಮುದ್ರ ಇವೆರಡರ ಜೊತೆಗೇ. ಹಕ್ಕಿ ಬರೋದು ಬೋರ್ಡ್ ನೋಡಿ ಅಲ್ಲ, ಕೆಸರು ನೋಡಿ.

ನೀರು ತುಂಬಿದ ಮೇಲೆ ಗಜನಿ, ಅಂದ್ರೆ ಅಳಿವೆ ಪಕ್ಕದ ಉಪ್ಪುನೀರಿನ ಗದ್ದೆ, ಆ ಕಡೆ ಬನ್ನಿ. ಉಪ್ಪು ತಡೆಯೋ ಕಗ್ಗ ಭತ್ತ ಆಗ ಇನ್ನೂ ಗದ್ದೇಲೇ ಇರುತ್ತೆ, ಹಕ್ಕಿ ಕೂರೋದು ಕಟ್ಟೆ ಮೇಲೆ, ಸಿಗಡಿ ಕೆರೆ ಅಂಚಲ್ಲಿ. ಖಾಸಗಿ ಜಾಗ, ಯಜಮಾನ್ರನ್ನ ಒಂದು ಮಾತು ಕೇಳಿ ಹತ್ತಿ, ಯಾರೂ ಬೇಡ ಅನ್ನಲ್ಲ, ಎಲ್ಲಿಂದ ಬಂದ್ರಿ, ಸಂಬಳ ಎಷ್ಟು ಅಂತ ಕೇಳ್ತಾರೆ ಅಷ್ಟೆ.

ಬೂದು ಗೊರವ:

ಪ್ರಶ್ನೆ ಕೇಳಿದವ್ರಿಗೆ, ಬೂದು ಬಣ್ಣದ ಗೋಳು ನನಗೂ ಇತ್ತು, ಹನ್ನೆರಡು ವರ್ಷದ ಹಿಂದೆ ಪುಸ್ತಕ ಬಿಸಾಕೋ ಮಟ್ಟಕ್ಕೆ ಹೋಗಿದ್ದೆ. ಒಂದು ಉಪಾಯ ಹೇಳ್ತೀನಿ, ಬಣ್ಣ ನೋಡಬೇಡಿ, ಕೆಲಸ ನೋಡಿ. ಆಗಸ್ಟಲ್ಲಿ ಬರೋ ಬಲಿತ ಹಕ್ಕಿಗಳಿಗೆ ಮೈಮೇಲೆ ಇನ್ನೂ ಮರಿ ಮಾಡೋ ಕಾಲದ ಮದುವೆ ಬಟ್ಟೆ ಇರುತ್ತೆ, ಎದೆ ಕೆಂಪು ಇಟ್ಟಿಗೆ ಥರ, ಹರಕು ಮುರುಕು ಆಗಿದ್ರೂ ಗೊತ್ತಾಗುತ್ತೆ. ಅಕ್ಟೋಬರ್ ಹೊತ್ತಿಗೆ ಎಲ್ಲಾ ಬೂದಿ ಬಳ್ಕೊಂಡ ಸನ್ಯಾಸಿಗಳು. ಆಗ ಬಣ್ಣ ನಂಬಿದ್ರೆ ಕೆಟ್ರಿ.

ಓಡಿ, ಗಕ್ಕನೆ ನಿಂತು, ಬಗ್ಗಿ ಕುಕ್ಕಿ, ಮತ್ತೆ ಓಡಿದ್ರೆ ಪ್ಲೋವರ್, ಯಾಕಂದ್ರೆ ಅದು ಕಣ್ಣಲ್ಲಿ ನೋಡಿ ಹಿಡಿಯೋದು. ತಲೆ ತಗ್ಗಿಸಿ ಹೊಲಿಗೆ ಮಿಷನ್ ಥರ ಕುಟ್ತಾನೇ ಇದ್ರೆ ಅದು ಕೊಕ್ಕಿನ ತುದೀಲಿ ತಡಕಿ ಹಿಡಿಯೋ ಜಾತಿ, ಡನ್ಲಿನ್, ಸ್ಟಿಂಟ್ ಇವೆಲ್ಲ. ಬಾಲ ಕುಣಿಸ್ತಾ ಒಂಟಿಯಾಗಿ ಕಲ್ಲ ಮೇಲಿದ್ರೆ ಕಾಮನ್ ಸ್ಯಾಂಡ್‌ಪೈಪರ್, ನಮ್ಮ ಕೆರೆಗೆ ಬರೋದೇ. ಅಲೆ ಹಿಂದೆ ಓಡಿ, ಅಲೆ ಬಂದ್ರೆ ಕಾಲು ಒದ್ದೆ ಆಗದಂಗೆ ವಾಪಸ್ ಓಡೋದು ಸ್ಯಾಂಡರ್ಲಿಂಗ್. ಕೊಕ್ಕು ಮೇಲಕ್ಕೆ ಬಾಗಿ, ಕಾಲು ಕಿತ್ತಳೆ, ಕುಡುಕನ ಥರ ದಿಕ್ಕು ದಿಕ್ಕಿಗೆ ಓಡಿದ್ರೆ ಟೆರೆಕ್. ಹಾರಿದಾಗ ರೆಕ್ಕೆಯ ಹಿಂದಿನ ಅಂಚು ಬಿಳಿ ಪಟ್ಟಿ, ಕೂಗಿ ಕೂಗಿ ಊರಿಗೆಲ್ಲ ಸುದ್ದಿ ಹೇಳೋದು ರೆಡ್‌ಶ್ಯಾಂಕ್.

ವಿಂಬ್ರೆಲ್ ಒಂದನ್ನ ಮಾತ್ರ ಪುರುಸೊತ್ತಲ್ಲಿ ನೋಡಿ. ಹೋದ ಸಲ ಹೊನ್ನಾವರದಲ್ಲಿ ಶರಾವತಿ ಪಕ್ಕ ಒಂದು ನನ್ನಿಂದ ಹದಿನೈದು ಮೀಟರಲ್ಲಿತ್ತು. ಏಡಿ ಬಿಲಕ್ಕೆ ಬಾಗಿದ ಕೊಕ್ಕು ಹಾಕಿತು, ಬಿಲವೂ ಬಾಗಿರುತ್ತೆ ಕೊಕ್ಕೂ ಬಾಗಿರುತ್ತೆ, ಬೀಗಕ್ಕೆ ಕೀಲಿ ಹಾಕಿದಂಗೆ ತಲೆ ಒಂದು ಸುತ್ತು ತಿರುಗಿಸ್ತು. ಏಡಿ ಆಚೆ ಬಂತು. ಅದನ್ನ ಕಾಲು ಹಿಡಿದು ಜಾಡಿಸ್ತು, ಒಂದು ಕಾಲು ಕಳಚಿ ಬಿತ್ತು, ಮತ್ತೆ ಹಿಡಿದು ಜಾಡಿಸ್ತು, ಇನ್ನೊಂದು. ಆಮೇಲೆ ಕಾಲಿಲ್ಲದ ಏಡೀನ ನಾಲ್ಕು ಹೆಜ್ಜೆ ನಡೆದು ನೀರಿಗೆ ತಗೊಂಡೋಗಿ ಕೆಸರು ತೊಳೆದು ಇಡೀಗೆ ನುಂಗ್ತು. ಕುತ್ತಿಗೇಲಿ ಗಂಟು ಇಳಿಯೋದು ಕಾಣ್ತಿತ್ತು. ಆಮೇಲೆ ನನ್ನ ಕಡೆ ನೋಡಿ, ಏನೂ ಆಗಿಲ್ಲ ಅನ್ನೋ ಥರ ಮುಂದಿನ ಬಿಲಕ್ಕೆ ಹೋಯ್ತು. ಆ ಒಂದು ಗಂಟೇಲಿ ನನ್ನ ಲಿಸ್ಟಲ್ಲಿ ನಾಲ್ಕೇ ಹಕ್ಕಿ, ಬೇಜಾರೇ ಆಗಲಿಲ್ಲ.

ಕೋಡಿ ಕಡೆಯವ:

ಹೋಯ್, ಎಲ್ಲಾ ಸರಿ, ಒಂದು ಮಾತು ಯಾರೂ ಹೇಳ್ಲಿಲ್ಲ, ದೂರ ನಿಲ್ಲಿ. ನಮ್ಮ ಮನೆ ಕುಂದಾಪುರ ಕೋಡಿ ಹತ್ರ, ಅಪ್ಪಯ್ಯ ನಾಡದೋಣಿಯಲ್ಲಿ ಹೋಗುವವರು, ನಾನು ಹಕ್ಕಿ ಹುಚ್ಚಿಗೆ ಬಿದ್ದವ. ಎರಡು ವರ್ಷದ ಹಿಂದೆ ನವೆಂಬರಲ್ಲಿ ಒಂದು ಗುಂಪು ಬಂತು, ಒಬ್ಬೊಬ್ಬರ ಹೆಗಲ ಮೇಲೂ ಮೊಳದುದ್ದ ಲೆನ್ಸ್. ಮರಳ ಮೇಲೆ ಇನ್ನೂರು ಮುನ್ನೂರು ಪ್ಲೋವರ್ ಮಲಗಿದ್ದವು. ಹಾರೋ ಫೋಟೋ ಬೇಕಂತೆ, ಒಬ್ಬನ್ನ ಆ ಕಡೆಯಿಂದ ಓಡಿಸಿದ್ರು. ಎಲ್ಲಾ ಎದ್ದವು, ಒಂದು ಸುತ್ತು ಹೊಡೆದು ಕೂತವು. ಮತ್ತೆ ಓಡಿಸಿದ್ರು. ಮೂರನೇ ಸಲ ನಾನು ಹೋಗಿ ಜಗಳ ಮಾಡಿದೆ, ಹಕ್ಕಿ ನಿಮ್ಮಪ್ಪಂದಾ ಅಂತ ಕೇಳಿದ್ರು. ಅಪ್ಪಯ್ಯ ಹಿಂದಿನಿಂದ ಬಂದು, ಅವನಪ್ಪಂದಲ್ಲ, ನಿದ್ದೆ ಅದರದ್ದು ಅಂದ್ರು. ಆಮೇಲೆ ಹೋದ್ರು.

ಕಾಣಿ, ಆ ಪ್ಲೋವರು ಟಿಬೆಟ್, ಲಡಾಖ್ ಕಡೆ ಮರಿ ಮಾಡಿ ಹಿಮಾಲಯ ದಾಟಿ ಬಂದದ್ದು. ನೀರು ಇಳಿದಾಗ ಮೇಯಬೇಕು, ತುಂಬಿದಾಗ ಮಲಗಬೇಕು, ಅಷ್ಟೇ ಅದರ ದಿನಚರಿ. ಮಲಗೋ ಹೊತ್ತಲ್ಲಿ ಹಾರಿಸಿದ್ರೆ ತಿಂದ ಕೊಬ್ಬು ಅಲ್ಲೇ ಕರಗಿತು. ಮಲಗಿದ ಹಕ್ಕಿ ತಲೆ ಎತ್ತಿದ್ರೆ, ನಿಂತದ್ದು ಒಂದೇ ಕಡೆ ನಡೆಯೋಕೆ ಶುರು ಮಾಡಿದ್ರೆ ನೀವು ಹತ್ರ ಹೋದದ್ದು ಜಾಸ್ತಿ ಆಯ್ತು ಅಂತ ಲೆಕ್ಕ, ಎರಡು ಹೆಜ್ಜೆ ಹಿಂದೆ ಬನ್ನಿ. ಡ್ರೋನ್ ಅಂತೂ ತರಲೇಬೇಡಿ, ಅವಕ್ಕೆ ಅದು ಗಿಡುಗ.

ಮಂಡೆಬಿಸಿ ಮಂಗ್ಳೂರು:

ನಿಮ್ಮ ಅಪ್ಪಯ್ಯನಿಗೆ ನನ್ನದೊಂದು ನಮಸ್ಕಾರ ಹೇಳಿ.

ಮರಿಗಳ ವಿಷಯ ಬಂದದ್ದಕ್ಕೆ ಒಂದು ಸೇರಿಸ್ತೇನೆ. ಈ ಕೆಸರಲ್ಲಿ ನಡೆದು ಮೇಯುವ ವೇಡರ್‌ಗಳಲ್ಲಿ ಸುಮಾರು ಜಾತಿಗಳಲ್ಲಿ ಅಪ್ಪ ಅಮ್ಮ ಮೊದಲು ಹೊರಡ್ತವೆ, ಮರಿ ಆಮೇಲೆ ಒಂದೇ ಬರ್ತದೆ, ದಾರಿ ಯಾರೂ ತೋರಿಸುದಿಲ್ಲ. 2022ರ ಅಕ್ಟೋಬರಲ್ಲಿ ಅಲಾಸ್ಕಾದಿಂದ ಹೊರಟ ಒಂದು ಬಾರ್-ಟೇಲ್ಡ್ ಗಾಡ್‌ವಿಟ್ ಎಲ್ಲೂ ಇಳಿಯದೆ ಹನ್ನೊಂದು ದಿನದಲ್ಲಿ 13,560 ಕಿಲೋಮೀಟರ್ ಹಾರಿ ಟ್ಯಾಸ್ಮೇನಿಯಾಕ್ಕೆ ಹೋಯ್ತಲ್ಲ, ಬೆನ್ನ ಮೇಲೆ ಟ್ಯಾಗ್ ಇತ್ತು ಅದಕ್ಕೆ, ಅದು ಐದೇ ತಿಂಗಳ ಮರಿ. ನಾನು ಐದನೇ ಕ್ಲಾಸಲ್ಲಿ ಶಾಲೆಯಿಂದ ಮನೆಗೆ ಬರ್ಲಿಕ್ಕೆ ದಾರಿ ತಪ್ಪಿದವ.

ಹಾಗಾಗಿ ಅಕ್ಟೋಬರಲ್ಲಿ ರೆಕ್ಕೆ ಗರಿ ಎಲ್ಲ ಹೊಸತು, ಅಂಚು ತಿಳಿ ಬಣ್ಣ, ಮೀನಿನ ಹುರುಪೆ ಜೋಡಿಸಿದ ಹಾಗೆ ನೀಟಾಗಿ ಕಂಡ್ರೆ ಅದು ಈ ವರ್ಷದ ಮರಿ. ಗರಿ ಸವೆದು ಚಿಂದಿ ಆಗಿದ್ರೆ ದೊಡ್ಡದು.

ಹೆಬ್ಬಾಳ ದಂಡೆ:

ಇಷ್ಟು ಉತ್ತರ ಬರುತ್ತೆ ಅಂದ್ಕೊಂಡಿರಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ರಜೆ ಮುಂದೆ ಹಾಕ್ಸಿದೀನಿ, ಹುಣ್ಣಿಮೆಗೇ ಬರ್ತೀನಿ. ಒಂದು ಡೌಟು, ಮಳೆ ಇನ್ನೂ ಇದ್ರೆ?

ಗಜನಿ ಕಟ್ಟೆ:

ಅಕ್ಟೋಬರ್ ಮಳೆ ಮಧ್ಯಾಹ್ನ ಮೇಲೆ ಗುಡುಗಿ ಹೊಡೆದು ಹೋಗುತ್ತೆ, ಹೆದರಬೇಡಿ. ಬಿಸಿಲಿಗೆ ಹೆದರಿ. ಹತ್ತರ ಮೇಲೆ ಕೆಸರಿಂದ ಹಬೆ ಏಳುತ್ತೆ, ದೂರದ ಹಕ್ಕಿ ನೀರಲ್ಲಿ ಅಲ್ಲಾಡಿದಂಗೆ ಕಾಣುತ್ತೆ, ಆಗ ಎಷ್ಟು ದುಡ್ಡಿನ ಸ್ಕೋಪ್ ಇದ್ರೂ ಅಷ್ಟೆ. ಬೆಳಿಗ್ಗೆ ಸೂರ್ಯ ಬೆನ್ನಿಗೆ ಬರೋ ಹಂಗೆ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲಿ. ಟೋಪಿ, ನೀರು, ಹಳೇ ಚಪ್ಪಲಿ.

ಬೂದು ಗೊರವ:

ಮಳೆ ವಿಷಯ ಬಂತು ಅಂತ ಹೇಳ್ತೀನಿ. ಜೋರು ಗಾಳಿ ಮಳೆ ಆದ ಮಾರನೇ ದಿನ ದಡದಲ್ಲಿ ಸುಸ್ತಾಗಿ ಕೂತ ಕಡಲ ಹಕ್ಕಿ ಏನಾದ್ರೂ ಸಿಕ್ಕಿದ್ರೆ, ಮಳೆಗಾಲದಲ್ಲಿ ಸೂಟಿ ಟರ್ನ್, ಬ್ರೈಡಲ್ಡ್ ಟರ್ನ್ ಹಿಂಗೆ ಬರ್ತಾವೆ, ದಯವಿಟ್ಟು ವಾಪಸ್ ಸಮುದ್ರಕ್ಕೆ ಎಸೀಬೇಡಿ. ತುಂಬಾ ಜನ ಒಳ್ಳೇದು ಮಾಡ್ತೀವಿ ಅಂತ ಹಂಗೇ ಮಾಡ್ತಾರೆ. ರಟ್ಟಿನ ಡಬ್ಬಿಗೆ ತೂತು ಮಾಡಿ, ಒಳಗೆ ಒಣ ಬಟ್ಟೆ ಹಾಕಿ ಕತ್ತಲೇಲಿ ಇಡಿ, ಬಾಯಿಗೆ ನೀರು ಸುರೀಬೇಡಿ, ಅರಣ್ಯ ಇಲಾಖೆಯವ್ರಿಗೆ ಫೋನ್ ಮಾಡಿ.

ಹೆಬ್ಬಾಳ ದಂಡೆ:

ಹೋಗಿ ಬಂದೆ! ರಿಪೋರ್ಟ್ ಹಾಕ್ತೀನಿ ಅಂತ ಹೇಳಿ ವಾರ ಆಯ್ತು, ಸಾರಿ, ಆಫೀಸು.

ಎಂಟೂವರೆಗೆ ಅಘನಾಶಿನಿ ಊರಿನ ಕಡೆ ದಡದಲ್ಲಿ ನಿಂತ್ವಿ, ತದಡಿಯಿಂದ ದೋಣೀಲಿ ದಾಟಿ ಹೋಗಿದ್ದು. ನಾನು, ಮಗಳು, ಮತ್ತೆ "ಬೆಳ್ಳಕ್ಕಿ ನೋಡೋಕೆ ಬಂದಿದೀನಿ" ಅಂತ ದಾರಿಯುದ್ದಕ್ಕೂ ಹೇಳ್ತಿದ್ದ ನನ್ನ ಹೆಂಡತಿ. ಮೊದಲ ಅರ್ಧ ಗಂಟೆ ಅದೇ ಎಳ್ಳು. ನಂಗೆ ಎದೆ ಡವ ಡವ, ಈ ಸಲಾನೂ ಮಾನ ಹೋಯ್ತು ಅಂತ. ಆಮೇಲೆ ಮಗಳು, ಅಪ್ಪ ಆ ಕಲ್ಲು ಮುಳುಗ್ತು ಅಂದ್ಲು. ನೀರು ಬರ್ತಾ ಇರೋದು ಕಾಣೋದೇ ಇಲ್ಲ ಸರ್, ಒಂದು ಕಲ್ಲು ಇತ್ತು, ಈಗ ಇಲ್ಲ, ಅಷ್ಟೆ. ಒಂಬತ್ತೂಕಾಲಿಗೆ ಎಳ್ಳು ಅವರೆಕಾಳಾಯ್ತು. ಹತ್ತಕ್ಕೆ ಕಾಲು ಕೊಕ್ಕು ಎಲ್ಲಾ ಕಾಣ್ತಿತ್ತು, ಬರೀ 8x42ಲ್ಲಿ!

ರೆಡ್‌ಶ್ಯಾಂಕ್, ಗ್ರೀನ್‌ಶ್ಯಾಂಕ್, ವಿಂಬ್ರೆಲ್ ಆರು, ಟೆರೆಕ್ ಎರಡು (ಕುಡುಕ ಅಂದಿದ್ದು ನೂರಕ್ಕೆ ನೂರು), ಕರ್ಲ್ಯೂ ಒಂದು ದೂರದಲ್ಲಿ, ಪ್ಲೋವರ್ ಎಣಿಸೋಕಾಗಲಿಲ್ಲ. ವಿಂಬ್ರೆಲ್ ಏಡಿ ತೊಳೆಯೋದು ನಮಗೂ ಸಿಕ್ತು. ಹೆಂಡತಿ ಬೈನಾಕ್ಯುಲರ್ ಇಸ್ಕೊಂಡೋಳು ಹನ್ನೊಂದೂವರೆ ತನಕ ವಾಪಸ್ ಕೊಡಲಿಲ್ಲ, ಹಾಗಾಗಿ ಕೊನೇ ಒಂದು ಗಂಟೆ ನಾನು ನೋಡಿದ್ದು ಹಕ್ಕಿ ಅಲ್ಲ, ಅವಳ ಬೆನ್ನು. ಬಳಚು ಹೆಕ್ಕಿ ವಾಪಸ್ ಬರ್ತಿದ್ದ ಒಬ್ಬ ಅಜ್ಜಿ, ಏನು ನೋಡ್ತೀರಿ ಅಂತ ಕೇಳಿದ್ರು, ಹಕ್ಕಿ ಅಂದೆ. ಅದನ್ನ ನೋಡೋಕೆ ದುಡ್ಡು ಕೊಡ್ತಾರಾ ಅಂದ್ರು.

ಈಗ ಸಹಾಯ ಬೇಕು. ಮಗಳು ಒಂದು ಪ್ಲೋವರ್ ತೋರಿಸಿ ಇದು ಬೇರೆ ಅಂತ ಹಠ ಹಿಡಿದಿದಾಳೆ. ಉಳಿದಿದ್ದಕ್ಕಿಂತ ಸ್ವಲ್ಪ ಎತ್ತರ, ಕಾಲು ಹಸಿರು ಹಳದಿ ಥರ, ಕೊಕ್ಕು ಉದ್ದ. ಕತ್ತಿನ ಹಿಂದೆ ಬಿಳಿ ಪಟ್ಟಿ ಇರಲಿಲ್ಲ. ಫೋಟೋ ಮೊಬೈಲಲ್ಲಿ ಬೈನಾಕ್ಯುಲರ್ ಮುಂದಿಟ್ಟು ತೆಗೆದಿದ್ದು, ಇಡ್ಲಿಗೆ ಕಾಲು ಬಂದಂಗಿದೆ, ಆದ್ರೂ ಹಾಕಿದೀನಿ.

ಬೂದು ಗೊರವ:

ಕತ್ತಿನ ಹಿಂದೆ ಬಿಳಿ ಇಲ್ಲ ಅಂದ್ರೆ ಕೆಂಟಿಶ್ ಪ್ಲೋವರ್ ಅಲ್ಲ, ಅಷ್ಟು ಗ್ಯಾರಂಟಿ. ಸ್ಯಾಂಡ್ ಪ್ಲೋವರ್‌ಗಳಲ್ಲೇ ಒಂದು. ಮುಂಚೆ ಲೆಸ್ಸರ್ ಸ್ಯಾಂಡ್ ಪ್ಲೋವರ್ ಅಂತಿದ್ದದ್ದನ್ನ ಈಗ ಸೈಬೀರಿಯನ್, ಟಿಬೆಟನ್ ಅಂತ ಎರಡು ಮಾಡಿದಾರೆ, ನಮ್ಮ ಕರಾವಳಿಗೆ ಹೆಚ್ಚಾಗಿ ಬರೋದು ಟಿಬೆಟನ್. ಅದರ ಕಾಲು ಗಾಢ ಬೂದು. ಕಾಲು ಹಳದಿ ಮಿಶ್ರ, ಎತ್ತರ, ಉದ್ದ ಕೊಕ್ಕು ಅಂತ ಮಗಳು ಸರಿಯಾಗಿ ನೋಡಿದ್ರೆ ಗ್ರೇಟರ್ ಸ್ಯಾಂಡ್ ಪ್ಲೋವರ್ ಇರಬಹುದು. ಕೊಕ್ಕಿನ ಉದ್ದಾನ, ಕೊಕ್ಕಿನ ಬುಡದಿಂದ ಕಣ್ಣಿನ ಹಿಂಭಾಗದ ತನಕದ ದೂರದ ಜೊತೆ ಅಳೆದು ನೋಡೋಕೆ ಹೇಳಿ, ಅದಕ್ಕಿಂತ ಉದ್ದ ಇದ್ರೆ ಗ್ರೇಟರ್ ಕಡೆಗೆ ವಾಲುತ್ತೆ. ಈ ಫೋಟೋದಲ್ಲಿ ಮಾತ್ರ ಕಣ್ಣು ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲ.

ಹೆಬ್ಬಾಳ ದಂಡೆ:

ಮಗಳಿಗೆ ತೋರಿಸಿದೆ. "ಆ ಅಂಕಲ್‌ಗೆ ಹೇಳು, ನಾನು ನೋಡಿದೀನಿ, ಕಾಲು ಹಳದಿನೇ" ಅಂದ್ಲು. ಅಮಾವಾಸ್ಯೆ ಯಾವತ್ತು ಅಂತ ಹೆಂಡತಿ ಕ್ಯಾಲೆಂಡರ್ ನೋಡ್ತಿದಾಳೆ.

ಕೋಡಿ ಕಡೆಯವ:

ದೀಪಾವಳಿ ಅಮಾವಾಸ್ಯೆ ಕಾಣಿ, ರಜೆನೂ ಸಿಗ್ತದೆ. ಈ ಸಲ ಕುಂದಾಪುರಕ್ಕೆ ಬನ್ನಿ, ಅಪ್ಪಯ್ಯನ ದೋಣಿ ಇದೆ.